ಏರಿಯ ಕಲ್ಲಿನ ಕೆಸರು

"ಕೆರೆ, ಗಿಡ, ಹಕ್ಕಿ ಉಳಿಸುವ ಕೆಲಸದಲ್ಲಿ ಮಕ್ಕಳಿಗೂ ಪಾಲಿದೆ ಅನ್ನುತ್ತೀರಿ, ಬುದ್ಧಿ. ಅಷ್ಟು ಪುಟ್ಟ ಕೈಗಳಿಂದ ದಿನಾ ಏನು ತಾನೇ ಆದೀತು?"

ಶಿಷ್ಯ ಮರಿದೇವ ಹೀಗೆ ಕೇಳಿದಾಗ ಅವನ ಸೊಂಟದಲ್ಲಿ ಹೊಸ ಬೀಗದ ಕೈ ಇತ್ತು. ಮಠದ ಕೊಳಕ್ಕೆ ಊರ ಮಕ್ಕಳು ಈಜಲು ಬರುತ್ತಿದ್ದರು. ಅವರು ಹೋದ ಮೇಲೆ ಮೆಟ್ಟಿಲ ತುಂಬ ಕೆಸರಿನ ಮುದ್ದೆ. ಮೇಲಿನ ಮೆಟ್ಟಿಲಿನಿಂದ ಕೊಡಗಟ್ಟಲೆ ನೀರು ಸುರಿದು ತೊಳೆದು ತೊಳೆದು ಅವನಿಗೆ ಸಾಕುಸಾಕಾಗಿತ್ತು. ಅಂದು ಬೆಳಿಗ್ಗೆ ಕೊಳದ ಬಾಗಿಲಿಗೆ ಬೀಗ ಜಡಿದು ಬಂದಿದ್ದ.

ಗುರುಗಳು ದೀಪದ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು: "ಒಬ್ಬ ಗೌಡನಿದ್ದ, ಕೇಳು."

ಆ ಗೌಡನ ಊರಿಗೆ ಒಂದೇ ಕೆರೆ. ಅದರ ನೀರು ತೂಬಿನ ಮೂಲಕ ಗದ್ದೆಗೆ ಹರಿಯಬೇಕು. ತೂಬಿನ ಬಾಯಿ ನೀರಿನ ತಳದಲ್ಲಿ; ಅದರ ಎರಡು ಕಲ್ಲುಕಂಬ ಮಾತ್ರ ಮೇಲೆ ಕಾಣುತ್ತಿದ್ದವು. ಊರಿನ ಹುಡುಗ ಹುಡುಗಿಯರಿಗೆ ಆ ಕಂಬದ ಹತ್ತಿರವೇ ಆಟ. ಕಂಬ ಹಿಡಿದು ಮುಳುಗಬೇಕು, ಬುಡದಿಂದ ಒಂದು ಹಿಡಿ ಮಣ್ಣು ತರಬೇಕು, ತಂದದ್ದನ್ನು ಏರಿಯ ಕಲ್ಲಿಗೆ ಮೆತ್ತಬೇಕು. ಮಣ್ಣು ತರದವನು ತಳ ಮುಟ್ಟಿದೆ ಎಂದು ಎಷ್ಟು ಬೊಬ್ಬೆ ಹೊಡೆದರೂ ಉಳಿದವರು ಒಪ್ಪುತ್ತಿರಲಿಲ್ಲ.

ಗೌಡ ಬಲು ಅಚ್ಚುಕಟ್ಟಿನ ಮನುಷ್ಯ. ಒಂದು ವರ್ಷ ಏರಿಯ ಕಲ್ಲಿಗೆಲ್ಲ ಸುಣ್ಣ ಹೊಡೆಸಿದ. ಮಾರನೆಯ ದಿನ ನೋಡಿದರೆ ಬಿಳಿಯ ಸುಣ್ಣದ ಮೇಲೆ ಸಾಲು ಸಾಲು ಕೆಸರು! ಅವನ ಮೈ ಉರಿದುಹೋಯಿತು. ಮಕ್ಕಳನ್ನು ಅಟ್ಟಿ, ಏರಿಯ ಉದ್ದಕ್ಕೂ ಮುಳ್ಳುಬೇಲಿ ಹಾಕಿಸಿದ. ಕದಡುವವರಿಲ್ಲದೆ ನೀರು ತಿಳಿಯಾಯಿತು. ಊರೆಲ್ಲ ಹೊಗಳಿತು. ಗೌಡನಿಗೆ ಹಿಗ್ಗೋ ಹಿಗ್ಗು.

ನಾಲ್ಕನೆಯ ವರ್ಷ ಭತ್ತ ತೆನೆ ಕಟ್ಟುವ ಹೊತ್ತು. ಗದ್ದೆಗೆ ನೀರು ಬಿಡುವ ನೀರುಗಂಟಿ ತೂಬು ಎತ್ತಿದ. ತೊಟ್ಟು ನೀರು ಬರಲಿಲ್ಲ. ಕೆರೆ ತುಂಬಿ ನಿಂತಿದೆ, ಕಾಲುವೆಯಲ್ಲಿ ಧೂಳು ಏಳುತ್ತಿದೆ. ನೀರುಗಂಟಿ ಮುಳುಗಿ ನೋಡಿ ಎದ್ದು ಬಂದ.

"ಕೆಟ್ಟೆವು ಗೌಡ್ರೇ! ತೂಬಿನ ಬಾಯಿ ಹೂಳಿನಲ್ಲಿ ಮುಚ್ಚಿಹೋಗಿದೆ."

ಊರಿನ ಗಂಡಸರೆಲ್ಲ ನೀರಿಗಿಳಿದರು. ತಳದಲ್ಲಿ ಒಮ್ಮೆಗೆ ಒಬ್ಬನಿಗಷ್ಟೇ ಜಾಗ. ಒಂದು ಉಸಿರಿಗೆ ಒಂದೇ ಹಿಡಿ ಮಣ್ಣು. ಗೌಡನೂ ಮುಳುಗಿದ, ಉಸಿರು ಕಟ್ಟಲಾರದೆ ಕೆಮ್ಮುತ್ತ ಎದ್ದ. ದಿನ ಎಂಟಾಯಿತು. ಊರಿನ ವರ್ಷದ ಅನ್ನ ಕಣ್ಣೆದುರೇ ಒಣಗುತ್ತಿತ್ತು. ಒಂಬತ್ತನೆಯ ದಿನ ನೀರು ಹರಿಯಿತು, ಆದರೆ ಅಷ್ಟರಲ್ಲಿ ಅರ್ಧ ಗದ್ದೆ ಜೊಳ್ಳಾಗಿಹೋಗಿತ್ತು.

ಗೌಡ ಏರಿಯ ಮೇಲೆ ತಲೆಗೆ ಕೈ ಹೊತ್ತು ಕೂತ. ಮೊಮ್ಮಗಳು ಮಜ್ಜಿಗೆ ತಂದುಕೊಟ್ಟಳು. ಬೇಲಿ ಹಾಕಿದ ವರ್ಷ ಅವಳು ತೊಟ್ಟಿಲಲ್ಲಿದ್ದಳು. ಕೆರೆಯ ಆಟ ಅವಳಿಗೆ ಗೊತ್ತೇ ಇರಲಿಲ್ಲ.

"ತಾತ, ನೀನು ಚಿಕ್ಕವನಿದ್ದಾಗ ಈ ಮಣ್ಣನ್ನ ಯಾರು ತೆಗೀತಿದ್ರು?"

"ಯಾರೂ ತೆಗೀತಿರ್ಲಿಲ್ಲ ಕಣವ್ವ. ನಾವೆಲ್ಲ ಇಲ್ಲಿ ಸುಮ್ನೆ ಆಟ ಆಡ್ಕೊಂಡು..."

ಗೌಡ ಬೆಳ್ಳಗಿದ್ದ ಕಲ್ಲುಗಳನ್ನು ನೋಡಿದ. ದುಃಖ ಉಕ್ಕಿ ಬಂತು, ಮಗುವಿನೆದುರೇ ಅತ್ತುಬಿಟ್ಟ. ಆಮೇಲೆ ಎದ್ದು ಹೋಗಿ ಮುಳ್ಳುಬೇಲಿಯನ್ನು ಬರಿಗೈಯಲ್ಲೇ ಕೀಳತೊಡಗಿದ. ಯಾರು ತಡೆದರೂ ಕೇಳಲಿಲ್ಲ.

ಗುರುಗಳು ಕತೆ ಮುಗಿಸಿ ಮತ್ತೊಂದು ಬತ್ತಿಗೆ ಹತ್ತಿ ತೆಗೆದುಕೊಂಡರು. ಮರಿದೇವ ಲೊಚಗುಟ್ಟಿದ.

"ಎಂಥ ಗೌಡ ಅವನು, ಬುದ್ಧಿ! ದಿನಾ ಕಲ್ಲಿನ ಮೇಲೆ ಕಾಣುತ್ತಿದ್ದ ಕೆಸರು ಎಲ್ಲಿಯದೆಂದು ಒಂದು ಸಲವಾದರೂ ಯೋಚಿಸಬಾರದಿತ್ತೇ?"

ಗುರುಗಳು ತಲೆಯೆತ್ತಿ ಅವನ ಸೊಂಟದ ಬೀಗದ ಕೈ ನೋಡಿದರು.

"ನೀನು ದಿನಾ ತೊಳೆದೆಯಲ್ಲ ಮರಿದೇವ, ನಮ್ಮ ಮೆಟ್ಟಿಲ ಕೆಸರು ಹರಿದು ಎಲ್ಲಿಗೆ ಹೋಯಿತು?"