ದೇವರ ಜಗುಲಿಯಲ್ಲಿದ್ದ ತಾಮ್ರಪಟ

"ಗುರುಗಳೇ, ಒಂದು ಕುಲವನ್ನೇ ಅಳಿಸುವುದು ಮಹಾ ಅಪರಾಧವೆಂದು ನಮ್ಮ ಅರಸರು ಹೊರನಾಡುಗಳ ಮುಂದೆ ಒಪ್ಪಿ ಬಂದಿದ್ದಾರೆ. ಅದನ್ನು ನಮ್ಮ ಕಾನೂನಿನಲ್ಲಿ ಮತ್ತೆ ಬರೆಯಬೇಕೇ? ಕೊಲೆಗೆ ಹೇಗೂ ಶಿಕ್ಷೆಯಿದೆಯಲ್ಲ?"

ಕೇಳಿದವನು ಮುರಿಗೆಯ್ಯ. ನಾಡಿನ ಕಾನೂನನ್ನು ಹೊಸದಾಗಿ ಬರೆಯುವ ಕೆಲಸವನ್ನು ಅರಸ ಅವನಿಗೆ ಒಪ್ಪಿಸಿದ್ದ. ಬರೆದ ಹೊತ್ತಗೆ ಮರುದಿನ ಆಸ್ಥಾನಕ್ಕೆ ಹೋಗಬೇಕಿತ್ತು. ಗುರು ಅವನನ್ನು ಕೂರಿಸಿಕೊಂಡು ಒಂದು ಕಥೆ ಹೇಳಿದರು.

ಒಬ್ಬ ರಾಜ ಹದಿನಾರು ರಾಜರ ಸಭೆಗೆ ಹೋದ. ಕೊಂದಾಗಲಿ, ಮಕ್ಕಳನ್ನು ಕಿತ್ತು ಬೇರೆಯವರ ಮಕ್ಕಳಾಗಿ ಬೆಳೆಸಿಯಾಗಲಿ, ಒಂದು ಕುಲವನ್ನು ಇಲ್ಲವಾಗಿಸಲು ಹೊರಡುವುದೇ ಅಪರಾಧ; ಪ್ರತಿಯೊಬ್ಬನೂ ತನ್ನ ನಾಡಿನಲ್ಲಿ ಇದನ್ನು ಕಾನೂನು ಮಾಡಬೇಕು. ಹೀಗೆಂದು ಎಲ್ಲರೂ ಒಪ್ಪಿದರು. ಆ ಮಾತನ್ನು ಬರೆದ ತಾಮ್ರಪಟವನ್ನು ತಲೆಗೊಂದರಂತೆ ಪಡೆದರು.

ರಾಜ ತನ್ನದನ್ನು ಪಲ್ಲಕ್ಕಿಯಲ್ಲಿ ತಂದು ದೇವರ ಜಗುಲಿಯಲ್ಲಿಟ್ಟ. ಪ್ರತಿ ಮಹಾನವಮಿಗೆ ಅದನ್ನು ಹುಣಸೆಹಣ್ಣು ಹಾಕಿ ಬೆಳಗಿ, ಕುಂಕುಮವಿಟ್ಟು ಪೂಜಿಸುತ್ತಿದ್ದ. ಆ ನಾಡಿನಲ್ಲಿ ಒಂದು ಕಟ್ಟಳೆಯಿತ್ತು. ನ್ಯಾಯಸ್ಥಾನದ ಮುಂದಿನ ಕಲ್ಲಿನಲ್ಲಿ ಕೆತ್ತಿ, ಡಂಗುರ ಸಾರಿದ ಮೇಲೆಯೇ ಯಾವ ಮಾತೂ ಕಾನೂನಾಗುತ್ತಿತ್ತು. ತಾಮ್ರಪಟವನ್ನು ಕಲ್ಲುಕುಟಿಗನ ಕೈಗೆ ಕೊಡೋಣವೆಂದು ನ್ಯಾಯಾಧಿಕಾರಿ ಒಮ್ಮೆ ಕೇಳಿದ. "ಪೂಜೆಯಲ್ಲಿರುವುದನ್ನು ಬೀದಿಗೆ ತರುವುದೇ?" ಎಂದರು ಪುರೋಹಿತರು. ತಾಮ್ರಪಟ ಜಗುಲಿಯಲ್ಲೇ ಉಳಿಯಿತು.

ಕೆಲವು ವರ್ಷ ಕಳೆದವು. ತನ್ನ ಸೀಮೆಯಲ್ಲಿ ಚಾಪೆ ಹೆಣೆಯುವವರ ಕುಲವೇ ಇರಬಾರದೆಂದು ಒಬ್ಬ ಪಾಳೆಯಗಾರ ತೀರ್ಮಾನಿಸಿದ. ಅವರ ಕೇರಿಯ ಮಕ್ಕಳನ್ನೆಲ್ಲ ಎತ್ತಿಸಿ, ದೂರದ ಮನೆಗಳಿಗೆ ಹಂಚಿ, ಹೆಸರು ಬದಲಿಸಿ, ಅವರ ಮನೆಮಾತನ್ನು ಬಿಡಿಸಿದ. ವರ್ಷ ಕಳೆದ ಮೇಲೆ ಚಾಪೆ ಹೆಣೆಯುವ ಹೆಂಗಸೊಬ್ಬಳು ನ್ಯಾಯಸ್ಥಾನಕ್ಕೆ ಬಂದಳು. ಅವಳ ಎಳೆಯ ಮಗಳನ್ನೂ ಒಯ್ದಿದ್ದರು.

"ಯಾರನ್ನು ಕೊಂದೆ, ಹೇಳಲಿ ನೋಡೋಣ," ಎಂದು ಪಾಳೆಯಗಾರ ನಕ್ಕ. "ಇವರ ಗುಡಿಸಲಲ್ಲಿ ಮಕ್ಕಳು ಗಂಜಿ ಕುಡಿಯುತ್ತಿದ್ದವು. ಈಗ ತುಪ್ಪ ತಿನ್ನುತ್ತಿವೆ."

"ತುಪ್ಪ ತಿನ್ನಲಿ ಸ್ವಾಮಿ," ಎಂದಳು ಹೆಂಗಸು. "ನಾಳೆ ನನ್ನ ಮಗು ತಾನು ಯಾರವಳು ಅಂತ ಕೇಳಿದರೆ ಹೇಳೋಕೆ ನಮ್ಮವರು ಅಂತ ಒಬ್ಬರಾದರೂ ಇರಬೇಕಲ್ಲ?"

ನ್ಯಾಯಾಧಿಕಾರಿ ಕಲ್ಲನ್ನು ಮೇಲಿಂದ ಕೆಳಗಿನವರೆಗೆ ಓದಿದ. ಕೊಲೆಯಿತ್ತು, ಕಳವಿತ್ತು. ಮಗುವನ್ನು ಕದ್ದವನಿಗೆ ಮೂರು ತಿಂಗಳ ಸೆರೆ, ಮಗುವನ್ನು ಮರಳಿಸಬೇಕು ಎಂದಿತ್ತು. ಕುಲವನ್ನು ಅಳಿಸುವ ಅಪರಾಧದ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ. ಇದ್ದುದನ್ನೇ ವಿಧಿಸಿದ. ಮಗಳನ್ನು ಕರೆತಂದರು. ತಾಯಿ ತನ್ನ ಮಾತಿನಲ್ಲಿ ಕರೆದಳು. ಹುಡುಗಿಗೆ ಅರ್ಥವಾಗಲಿಲ್ಲ, ಕರೆತಂದ ಸೈನಿಕನ ಹಿಂದೆ ಅಡಗಿಕೊಂಡಳು.

ನ್ಯಾಯಾಧಿಕಾರಿಗೆ ನೋಡಲಾಗಲಿಲ್ಲ. ಅರಮನೆಗೆ ಓಡಿ ರಾಜನಿಗೆ ಎಲ್ಲವನ್ನೂ ಹೇಳಿದ. ರಾಜ ಅತ್ತ. ಅಂದೇ ತಾಮ್ರಪಟವನ್ನು ತರಿಸಿ ಕಲ್ಲಿನಲ್ಲಿ ಕೆತ್ತಿಸಿದ, ಡಂಗುರ ಹೊಡೆಸಿದ. ಪಾಳೆಯಗಾರನನ್ನು ಮತ್ತೆ ಕರೆಸಿದರು.

"ಕೆತ್ತಿದ್ದು ಇಂದು. ನಾನು ಮಾಡಿದ್ದು ಹೋದ ವರ್ಷ," ಎಂದ ಅವನು.

ನಿನ್ನೆ ಇಲ್ಲದ ಕಾನೂನಿನಿಂದ ನಿನ್ನೆಯ ಕೆಲಸವನ್ನು ದಂಡಿಸುವಂತಿರಲಿಲ್ಲ. ಅವನ ಮಾತು ಸರಿಯೆಂದು ನ್ಯಾಯಾಧಿಕಾರಿ ಆ ಹೆಂಗಸಿನ ಎದುರಿಗೇ ಹೇಳಬೇಕಾಯಿತು.

ಮುರಿಗೆಯ್ಯನಿಗೆ ತಡೆಯಲಾಗಲಿಲ್ಲ. "ರಾಜ ಕೆಟ್ಟವನೇನೂ ಅಲ್ಲವಲ್ಲ, ಗುರುಗಳೇ. ಮನಸಾರೆ ಒಪ್ಪಿದ್ದ."

"ಒಪ್ಪಿದ್ದ, ಮುರಿಗೆಯ್ಯ, ಆದರೆ ಆ ತಾಯಿ ಬಂದು ನಿಂತದ್ದು ಅವನ ಮನಸ್ಸಿನ ಮುಂದಲ್ಲ, ಕಲ್ಲಿನ ಮುಂದೆ."