ಹನ್ನೊಂದು ನಿಮಿಷದ ಆಕಾಶ

“ಗುರುಗಳೇ, ಬಲವಿಲ್ಲದವನು ಬಲವಿದ್ದವನಿಗೆ ‘ಆಗದು’ ಎನ್ನಬಹುದೇ?”

ಕೇಳಿದವನು ಗುರುಶಾಂತ, ಆಶ್ರಮದ ನೇಯ್ಗೆ ಶಾಲೆಯನ್ನು ನೋಡಿಕೊಳ್ಳುವ ಶಿಷ್ಯ. ಅಂದು ಬೆಳಿಗ್ಗೆ ಪಟ್ಟಣದ ಗಿರಣಿಯವರು ಬಂದಿದ್ದರು. ಮಗ್ಗ ನಾವು ಕೊಡುತ್ತೇವೆ, ನೂಲು ನಾವು ಕೊಡುತ್ತೇವೆ, ಏನು ನೇಯಬೇಕೆಂಬುದನ್ನೂ ನಾವೇ ಹೇಳುತ್ತೇವೆ ಎಂದು ಹೇಳಿ ಹೋಗಿದ್ದರು. ಬೇಡವೆನ್ನಲು ಗುರುಶಾಂತನಿಗೆ ಬಾಯಿ ಬಂದಿರಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಒಂದು ಚಿಕ್ಕ ದೇಶವಿತ್ತು. ವಿಮಾನದಲ್ಲಿ ಕುಳಿತರೆ ಅದರ ಈ ಗಡಿಯಿಂದ ಆ ಗಡಿಗೆ ಹನ್ನೊಂದು ನಿಮಿಷದ ದಾರಿ. ಆದರೆ ಆ ದೇಶದವರು ಯಾರೂ ಆ ದಾರಿಯಲ್ಲಿ ಹೋದವರಲ್ಲ, ಅವರ ಬಳಿ ವಿಮಾನವೇ ಇರಲಿಲ್ಲ. ಹೋಗುತ್ತಿದ್ದವರು ನೆರೆಯ ದೊಡ್ಡ ದೇಶದವರು. ಅವರ ಯುದ್ಧವಿಮಾನಗಳು ವಾರಕ್ಕೆರಡು ಸಲ, ಯಾರನ್ನೂ ಕೇಳದೆ, ಶಾಲೆಯ ಹೆಂಚು ಅದುರುವಷ್ಟು ಕೆಳಗೆ ಹಾರಿ ಹೋಗುತ್ತಿದ್ದವು.

ಚಿಕ್ಕ ದೇಶದವರು ಪತ್ರ ಬರೆದರು. ಉತ್ತರ ಬಂತು: ‘ನಾವು ಹಾರಿದಾಗ ನಿಮ್ಮ ಆಕಾಶದಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ಜಾಗ ಯಾರದೆಂದು ನಮಗೆ ಹೇಗೆ ತಿಳಿಯಬೇಕು?’

ಆ ಪತ್ರವನ್ನು ಓದಿದ ದಿನವೇ ಅವರು ವಾಯುಪಡೆ ಕಟ್ಟಲು ನಿಶ್ಚಯಿಸಿದರು.

ಸಮುದ್ರದಾಚೆ ಇನ್ನೊಂದು ದೊಡ್ಡ ರಾಷ್ಟ್ರವಿತ್ತು. ಅದು ತನ್ನನ್ನು ಇವರ ಮಿತ್ರನೆಂದು ಕರೆದುಕೊಳ್ಳುತ್ತಿತ್ತು. ತನ್ನ ಹಳೆಯ ತರಬೇತಿ ವಿಮಾನಗಳಲ್ಲಿ ಐದನ್ನು ಅದು ಕಾಣಿಕೆಯಾಗಿ ಕೊಟ್ಟಿತು. ಒಂದು ಷರತ್ತು ಇತ್ತು. ಪ್ರತಿ ಎಂಜಿನ್ನಿಗೂ ಸೀಸದ ಮುದ್ರೆ ಹಾಕಿತ್ತು. ಅದನ್ನು ಒಡೆಯುವ ಅಧಿಕಾರ ಮಿತ್ರರಾಷ್ಟ್ರದ ಎಂಜಿನಿಯರುಗಳಿಗೆ ಮಾತ್ರ. ನೂರು ಗಂಟೆ ಹಾರಿದ ಮೇಲೆ ಎಂಜಿನ್ ಬಿಚ್ಚಿ ಶುದ್ಧ ಮಾಡಬೇಕು. ಆಗ ಆ ಎಂಜಿನಿಯರುಗಳು ಪರದೆ ಎಳೆದುಕೊಂಡು ಅದರ ಹಿಂದೆ ಕೆಲಸ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ಹೊಸ ಮುದ್ರೆ ಹಾಕಿ ಪರದೆ ಸರಿಸುತ್ತಿದ್ದರು. ಚಿಕ್ಕ ದೇಶದ ಕೆಲಸಗಾರರಿಗೆ ವಿಮಾನ ತೊಳೆಯುವ ಕೆಲಸ, ಗಾಲಿಗೆ ಗಾಳಿ ತುಂಬುವ ಕೆಲಸ.

ಆ ಕೆಲಸಗಾರರ ಮೇಸ್ತ್ರಿ ಒಬ್ಬ ಹೆಂಗಸು. ವಾಯುಪಡೆಗೆ ಸೇರುವ ಮೊದಲು ಆಕೆ ಇಪ್ಪತ್ತು ವರ್ಷ ಅಕ್ಕಿ ಗಿರಣಿಗಳ ಎಂಜಿನ್ ರಿಪೇರಿ ಮಾಡಿದ್ದಳು. ಹೆಚ್ಚು ಮಾತಿನವಳಲ್ಲ.

ಎರಡು ವರ್ಷ ಹೀಗೆಯೇ ನಡೆಯಿತು. ರಾಷ್ಟ್ರದ ಹಬ್ಬದಂದು ಐದು ವಿಮಾನಗಳು ಸಾಲಾಗಿ ಹಾರಿದವು. ಜನ ತಲೆಯೆತ್ತಿ ನೋಡಿ ಕಣ್ಣೊರೆಸಿಕೊಂಡರು. ಆ ದಿನಗಳಲ್ಲಿ ನೆರೆಯವರ ವಿಮಾನಗಳು ಬರುವುದು ಕಡಿಮೆಯಾಗಿತ್ತು.

ಮೂರನೆಯ ವರ್ಷ ನೆರೆಯ ದೇಶಕ್ಕೆ ಗಡಿಯ ಪ್ರಸ್ಥಭೂಮಿಯ ಮೇಲೆ ಕಣ್ಣು ಬಿತ್ತು. ಅಲ್ಲಿ ಉಪ್ಪಿನ ಸರೋವರವೊಂದಿತ್ತು, ಅದರ ಸುತ್ತ ಆರುನೂರು ಕುರಿಗಾಹಿ ಕುಟುಂಬಗಳಿದ್ದವು. ನೆರೆಯವರ ವಿಮಾನಗಳು ಬಂದು ಕರಪತ್ರಗಳನ್ನು ಉದುರಿಸಿದವು. ‘ಈ ನೆಲ ನಮ್ಮದು. ಹತ್ತು ದಿನಗಳೊಳಗೆ ಖಾಲಿ ಮಾಡಿ. ಹನ್ನೊಂದನೆಯ ದಿನ ನಮ್ಮ ಪಡೆ ಇಳಿಯುತ್ತದೆ’ ಎಂದು ಅದರಲ್ಲಿ ಬರೆದಿತ್ತು.

ವಾಯುಪಡೆಯ ದಂಡನಾಯಕನು ವಿಮಾನಗಳನ್ನು ಸಿದ್ಧಮಾಡಿ ಎಂದು ಆಜ್ಞೆ ಮಾಡಿದನು. ಅದೇ ದಿನ ಮಿತ್ರರಾಷ್ಟ್ರದಿಂದ ಸಂದೇಶ ಬಂತು. ‘ನಿಮ್ಮ ನೆರೆಯವರೂ ನಮ್ಮ ಮಿತ್ರರೇ. ನಮ್ಮ ವಿಮಾನಗಳು ಅವರಿಗೆ ಎದುರಾಗಕೂಡದು.’ ಸಂಜೆಯೊಳಗೆ ಅವರ ಎಂಜಿನಿಯರುಗಳು ಹೊರಟರು. ಬಿಡಿಭಾಗಗಳ ಪೆಟ್ಟಿಗೆಗಳನ್ನೂ, ಕೈಪಿಡಿಗಳನ್ನೂ, ಐದು ವಿಮಾನಗಳ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನೊಳಗಿನ ತೆಳ್ಳನೆಯ ಪೊರೆಗಳನ್ನೂ ತೆಗೆದುಕೊಂಡು ಹೋದರು. ಮುದ್ರೆಗಳನ್ನು ಮಾತ್ರ ಹೊಸದಾಗಿ ಹಾಕಿ ಹೋದರು.

ದಂಡನಾಯಕನು ಮೇಸ್ತ್ರಿಯನ್ನು ವಿಮಾನದ ಬಳಿಗೆ ಕರೆಸಿದನು.

“ಅಮ್ಮ, ಈ ಮುದ್ರೆ ಒಡೆದರೆ ಮುಂದೆ ಅವರು ನಮಗೆ ಒಂದು ತಿರುಪನ್ನೂ ಕೊಡುವುದಿಲ್ಲ” ಎಂದನು.

“ಒಡೆಯದಿದ್ದರೆ ಹಾರಲು ಬಿಡುತ್ತಾರೆಯೇ ಸ್ವಾಮಿ?” ಎಂದಳು ಮೇಸ್ತ್ರಿ.

ದಂಡನಾಯಕನು ಪಕ್ಕಕ್ಕೆ ಸರಿದು ನಿಂತನು. ಆಕೆ ಇಕ್ಕಳ ತೆಗೆದುಕೊಂಡು ಮೊದಲನೆಯ ಮುದ್ರೆಯನ್ನು ಒಡೆದಳು. ಸುತ್ತ ನಿಂತಿದ್ದ ಕೆಲಸಗಾರರು ಹೆದರಿ ಒಂದು ಹೆಜ್ಜೆ ಹಿಂದೆ ಸರಿದರು. ಏನೂ ಆಗಲಿಲ್ಲ.

ಆಕೆ ಪರದೆಯನ್ನು ಬಿಚ್ಚಿಸಿ ನೆಲಕ್ಕೆ ಹಾಸಿದಳು. ಕಳಚಿದ ಒಂದೊಂದು ಭಾಗವನ್ನೂ ಅದರ ಮೇಲೆ ಇಟ್ಟು ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಳು, ಪಕ್ಕದಲ್ಲಿ ಸಂಖ್ಯೆ ಬರೆದಳು. ಎರಡು ವಿಮಾನಗಳನ್ನು ಪೂರ್ತಿ ಬಿಚ್ಚಿ, ಅವುಗಳ ಭಾಗಗಳಿಂದ ಮೂರನ್ನು ಸರಿಪಡಿಸುವುದೆಂದು ತೀರ್ಮಾನಿಸಿದಳು. ಅಕ್ಕಿ ಗಿರಣಿಯ ಎಂಜಿನ್ನಿನಲ್ಲಿ ಇರುವುದೇ ಇದರಲ್ಲಿಯೂ ಇತ್ತು, ಹೆಚ್ಚು ಇತ್ತು, ಹೆಚ್ಚು ನಯವಾಗಿತ್ತು. ತಿಳಿಯದ ಕಡೆ ಆಕೆ ತಡೆದು ನಿಂತಳು. ಬಹಳ ಸಲ ನಿಂತಳು. ಕೂಡಿಸಿದ್ದನ್ನು ಮತ್ತೆ ಬಿಚ್ಚಿದಳು.

ಪಂಪಿನ ಪೊರೆಗಳು ಎಲ್ಲಿಯೂ ಸಿಗಲಿಲ್ಲ. ಲಾರಿಯ ಟ್ಯೂಬನ್ನು ಕತ್ತರಿಸಿ ಹಾಕಿದಳು. ಏಳನೆಯ ದಿನ ಮೊದಲನೆಯ ವಿಮಾನ ಮೇಲೇರಿತು. ಹೊಲಗಳ ಮೇಲೆ ಒಂದು ಸುತ್ತು ಹಾಕುವಷ್ಟರಲ್ಲಿ ಎಂಜಿನ್ ನಿಂತಿತು. ಪೈಲಟ್ ಅದನ್ನು ಹೇಗೋ ಒಂದು ಜೋಳದ ಹೊಲದಲ್ಲಿ ಇಳಿಸಿದ. ವಿಮಾನ ಮುರಿಯಿತು. ಅವನ ಎರಡು ಕಾಲುಗಳೂ ಮುರಿದವು.

ಮೇಸ್ತ್ರಿ ಆಸ್ಪತ್ರೆಗೆ ಓಡಿದಳು. ಅವನ ಹಾಸಿಗೆಯ ಪಕ್ಕದಲ್ಲಿ ನಿಂತು, ಸೆರಗಿನ ತುದಿಯನ್ನು ಹಿಂಡಿದಳು. ಅವನ ತಾಯಿ ಅಲ್ಲಿಯೇ ಕುಳಿತಿದ್ದಳು. ಆ ತಾಯಿಯ ಮುಖವನ್ನು ನೋಡಲು ಆಕೆಗೆ ಆಗಲಿಲ್ಲ.

ಪೈಲಟ್ ಕಣ್ಣು ತೆರೆದು, “ಅಕ್ಕಾ, ಬರೆದುಕೊಳ್ಳಿ” ಎಂದ. “ನಿಲ್ಲುವ ಮೊದಲು ಎಂಜಿನ್ ಎರಡು ಸಲ ಕೆಮ್ಮಿತು. ಪೆಟ್ರೋಲ್ ಬರುತ್ತಿರಲಿಲ್ಲ. ಉಳಿದದ್ದೆಲ್ಲ ಚೆನ್ನಾಗಿತ್ತು. ಉಳಿದದ್ದನ್ನು ಮುಟ್ಟಬೇಡಿ.”

ಆಕೆ ಬರೆದುಕೊಂಡಳು. ಹಿಂತಿರುಗಿ ಬಂದು ಮುರಿದ ವಿಮಾನದ ಪಂಪನ್ನು ಬಿಚ್ಚಿ ನೋಡಿದಳು. ಟ್ಯೂಬಿನ ರಬ್ಬರು ಪೆಟ್ರೋಲಿನಲ್ಲಿ ನೆನೆದು ಉಬ್ಬಿಹೋಗಿತ್ತು. ಅಂದು ಮಧ್ಯಾಹ್ನ ಪ್ರಸ್ಥಭೂಮಿಯಿಂದ ಒಬ್ಬ ಮುದುಕನನ್ನು ಜೀಪಿನಲ್ಲಿ ಕರೆಸಿದರು. ಅವನು ತೊಗಲು ಹದ ಮಾಡುವವನು. ಪಂಪಿನ ಅಳತೆ ನೋಡಿ ಅವನು ಆಡಿನ ತೊಗಲನ್ನು ಎಲೆಯಷ್ಟು ತೆಳ್ಳಗೆ ಹೆರೆದು ಕೊಟ್ಟ. ಆಕೆ ಅದನ್ನು ಉಳಿದ ಎರಡು ವಿಮಾನಗಳ ಪಂಪಿಗೆ ಹಾಕಿ ಎಂಜಿನ್ನುಗಳನ್ನು ಚಾಲೂ ಮಾಡಿದಳು. ಎಂಟನೆಯ ದಿನವೆಲ್ಲ ಎರಡೂ ಎಂಜಿನ್ನುಗಳು ನೆಲದ ಮೇಲೆಯೇ ಓಡಿದವು. ಒಂಬತ್ತನೆಯ ದಿನವೂ ಓಡಿದವು. ನಿಲ್ಲಲಿಲ್ಲ.

ಕುರಿಗಾಹಿಗಳಿಗೆ ಹೇಳಿ ಕಳುಹಿಸಿದರು: ‘ಬೇಕಾದವರು ಕೆಳಗೆ ಬನ್ನಿ, ವಸತಿ ಕೊಡುತ್ತೇವೆ.’ ನಾಲ್ಕು ಕುಟುಂಬಗಳು ಬಂದವು. ಉಳಿದವು ಬರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಎರಡು ಹಳೆಯ ತರಬೇತಿ ವಿಮಾನಗಳು ಉಪ್ಪಿನ ಸರೋವರದ ಮೇಲೆ ಸುತ್ತುತ್ತಿದ್ದವು. ಎದುರಿನಿಂದ ನಾಲ್ಕು ಯುದ್ಧವಿಮಾನಗಳು ಬಂದವು. ಅವುಗಳ ಹಿಂದೆ ಸೈನಿಕರನ್ನು ಹೊತ್ತ ದೊಡ್ಡ ವಿಮಾನವಿತ್ತು. ವೇಗದಲ್ಲಿ, ಬಂದೂಕುಗಳಲ್ಲಿ, ಯಾವುದರಲ್ಲಿಯೂ ಇವು ಅವಕ್ಕೆ ಸಮಾನವಿರಲಿಲ್ಲ.

ಚಿಕ್ಕ ದೇಶದ ಹಿರಿಯ ಪೈಲಟ್ ರೇಡಿಯೋದಲ್ಲಿ, “ನೀವು ನಮ್ಮ ಆಕಾಶದಲ್ಲಿದ್ದೀರಿ. ನಿಮ್ಮ ಹೆಸರು, ನಿಮ್ಮ ಸಂಖ್ಯೆ, ಬಂದ ಕೆಲಸ ಹೇಳಿ” ಎಂದ.

ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಆ ಕಡೆಯಿಂದ ಒಂದು ಧ್ವನಿ ಬಂತು. “ದಾರಿ ಬಿಡಿ.”

“ಬಿಡುವುದಿಲ್ಲ. ಮುಂದೆ ಬರಬೇಕಾದರೆ ನಮ್ಮನ್ನು ಹೊಡೆದು ಬನ್ನಿ. ನಾವು ಇಲ್ಲಿದ್ದೆವೆಂದು ಆಮೇಲೆ ನೀವೇ ಬರೆಯಬೇಕಾಗುತ್ತದೆ.”

ಆ ನಾಲ್ವರಿಗೆ ಖಾಲಿ ಆಕಾಶವನ್ನು ದಾಟುವ ಆಜ್ಞೆಯಿತ್ತು. ಆಕಾಶದಲ್ಲಿ ಮನುಷ್ಯರಿದ್ದರೆ ಏನು ಮಾಡಬೇಕೆಂಬ ಆಜ್ಞೆ ಇರಲಿಲ್ಲ. ಹೊಡೆದರೆ ಅದು ಯುದ್ಧ. ಯುದ್ಧಕ್ಕೆ ಅಪ್ಪಣೆ ಕೊಡಬೇಕಾದವರು ಬಹಳ ದೂರದಲ್ಲಿದ್ದರು. ನಾಲ್ಕು ವಿಮಾನಗಳೂ ಎರಡರ ಸುತ್ತ ಮೂರು ಸಲ ಸುತ್ತಿದವು. ಒಂದು ಸಲ ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಬಂದವು. ಹಳೆಯ ವಿಮಾನಗಳು ಅಲುಗಾಡಿದವು, ದಾರಿ ಬದಲಿಸಲಿಲ್ಲ. ಕೊನೆಗೆ ಬಂದವರು ಅಪ್ಪಣೆ ಕೇಳಲು ಹಿಂತಿರುಗಿದರು. ಅವರ ಹಿಂದೆಯೇ ಸೈನಿಕರ ವಿಮಾನವೂ ತಿರುಗಿತು.

ಅಪ್ಪಣೆ ಬರಲಿಲ್ಲ. ಸುದ್ದಿ ಅಷ್ಟರೊಳಗೆ ಹಲವು ದೇಶಗಳಿಗೆ ಹರಡಿತ್ತು. ಮಾತುಕತೆಗಳು ನಡೆದವು, ವರ್ಷಗಟ್ಟಲೆ ನಡೆದವು. ಅಷ್ಟು ದಿನವೂ ಆ ಎರಡು ವಿಮಾನಗಳು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸರೋವರದ ಮೇಲೆ ಹೋಗಿ ಬಂದವು. ಕುರಿಗಾಹಿಗಳು ತಮ್ಮ ಜಾಗದಲ್ಲಿಯೇ ಉಳಿದರು.

ಮರುವರ್ಷ ಮಿತ್ರರಾಷ್ಟ್ರದ ರಾಯಭಾರಿ ಬಂದನು. ಮುದ್ರೆ ಒಡೆದುದನ್ನು ಕ್ಷಮಿಸಿದ್ದೇವೆ ಎಂದನು. ಹನ್ನೆರಡು ಹೊಸ ವಿಮಾನಗಳನ್ನು ಕೊಡುತ್ತೇವೆ, ಇವುಗಳ ಎಂಜಿನ್ನನ್ನು ತೆರೆಯುವ ಕಷ್ಟವೇ ನಿಮಗಿಲ್ಲ, ತೆರೆಯಲು ಬರುವುದೇ ಇಲ್ಲ ಎಂದನು.

ದಂಡನಾಯಕನಿಗೆ ಆಸೆಯಾಯಿತು. ಯಾರಿಗಾದರೂ ಆಗುತ್ತದೆ. ಅವನು ಒಂದು ವಾರ ಯೋಚಿಸಿದನು. ಆಮೇಲೆ, “ವಿಮಾನಗಳು ಬೇಡ. ಎಂಜಿನ್ನಿನ ನಕ್ಷೆಗಳನ್ನು ಕೊಡಿ” ಎಂದನು.

“ನಕ್ಷೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ” ಎಂದು ರಾಯಭಾರಿ ಎದ್ದು ಹೋದನು.

ಚಿಕ್ಕ ದೇಶದವರು ಎಂಜಿನ್ನನ್ನು ತಾವೇ ಮಾಡಲು ಲೋಹ ಕಡೆಯುವ ಲೇತ್ ತರಿಸಿದರು. ಕಾರ್ಖಾನೆ ಕಟ್ಟಿದರು. ಮೇಸ್ತ್ರಿ ಅದರಲ್ಲಿ ಹದಿನಾಲ್ಕು ವರ್ಷ ದುಡಿದಳು. ಮೂರು ಎಂಜಿನ್ನುಗಳು ಒಡೆದುಹೋದವು. ಒಂದು ಹಾರಿ ಬಿದ್ದಿತು, ಅದರಲ್ಲಿ ಒಬ್ಬ ಪೈಲಟ್ ಸತ್ತ. ಇನ್ನು ಸಾಕೆಂದು ಹಲವರು ಹೇಳಿದರು. ಹದಿನೈದನೆಯ ವರ್ಷ ಅವರದೇ ಕೈಯ ಮೊದಲನೆಯ ವಿಮಾನ ಆ ಗಡಿಯಿಂದ ಈ ಗಡಿಗೆ ಹಾರಿತು. ನೋಡಲು ಚೆಂದವಿರಲಿಲ್ಲ. ಕಾಣಿಕೆಯ ವಿಮಾನಗಳಿಗಿಂತ ನಿಧಾನ. ಹದಿಮೂರು ನಿಮಿಷ ತೆಗೆದುಕೊಂಡಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಆದರೆ ಗುರುಗಳೇ, ಆ ಮೇಸ್ತ್ರಿಗೆ ಎಂಜಿನ್ನಿನ ಒಳಗು ತಿಳಿದಿತ್ತು. ಆದುದರಿಂದ ಮುದ್ರೆ ಒಡೆದಳು. ತಿಳಿಯದವರು ಏನು ಮಾಡಬೇಕು?” ಎಂದು ಗುರುಶಾಂತ ಕೇಳಿದ.

“ಒಡೆಯುವ ತನಕ ಆಕೆಗೂ ತಿಳಿದಿರಲಿಲ್ಲ” ಎಂದರು ಗುರುಗಳು.

ಗುರುಶಾಂತ ಎದ್ದು ನೇಯ್ಗೆ ಶಾಲೆಯ ಕಡೆ ನಡೆದ.