ಗೆಣಸಿನ ಎಲೆ ತನ್ನ ಹಿಟ್ಟನ್ನು ಮಣ್ಣಿಗೆ ಕಳಿಸಿದ್ದು

ಭೂಮಿ ಆಗಿನ್ನೂ ಹೊಸದು. ಬೆಟ್ಟದ ಮಣ್ಣು ಇನ್ನೂ ಬೆಚ್ಚಗಿತ್ತು. ಮುಳುಗಿದ ಸೂರ್ಯ ಮತ್ತೆ ಬರುತ್ತಾನೋ ಇಲ್ಲವೋ ಎಂದು ಯಾರಿಗೂ ಖಾತ್ರಿ ಇರಲಿಲ್ಲ.

ಬೆಟ್ಟದ ಬುಡದಲ್ಲಿ ಒಂದು ಗೆಣಸಿನ ಬಳ್ಳಿ ಹಬ್ಬಿತ್ತು. ಮೇಲೆ ತುಂಬ ಎಲೆಗಳು, ಕೆಳಗೆ ಒಂದು ಬೇರು. ಬಳ್ಳಿಯ ತುದಿಯಲ್ಲಿದ್ದ ಎಲೆಯನ್ನು ಬೇರು ಅಕ್ಕ ಎಂದು ಕರೆಯುತ್ತಿದ್ದಳು.

ಎಲೆಗಳು ಹಗಲೆಲ್ಲ ಬಿಸಿಲು ಕುಡಿದು ಹಿಟ್ಟು ಮಾಡುತ್ತಿದ್ದವು. ಮಾಡಿದ್ದನ್ನೆಲ್ಲ ತಮ್ಮ ಮಡಿಲಲ್ಲೇ ತುಂಬಿಕೊಳ್ಳುತ್ತಿದ್ದವು. ಬೇರು ಮಾತ್ರ ನೂಲಿನ ಹಾಗೆ ಸಣ್ಣಗಿದ್ದಳು.

“ಅಕ್ಕಾ, ನನಗೂ ಒಂಚೂರು ಕೊಡೇ” ಎಂದು ಬೇರು ಕೇಳುತ್ತಿದ್ದಳು.

“ನಾಳೆ ಸೂರ್ಯ ಬರದೇ ಹೋದರೆ?” ಎನ್ನುತ್ತಿದ್ದಳು ಎಲೆ.

ಅವಳೇನೂ ಜಿಪುಣಿಯಲ್ಲ. ಅವಳಿಗೆ ಕತ್ತಲೆಂದರೆ ಹೆದರಿಕೆ, ಅಷ್ಟೇ. ಆ ಹೆದರಿಕೆಯಲ್ಲಿ ಕತ್ತಲಾದ ಕೂಡಲೇ ಗಬಗಬ ಎಂದು ಹಿಟ್ಟೆಲ್ಲ ತಿಂದುಬಿಡುತ್ತಿದ್ದಳು. ಆಮೇಲೆ ಬೆಳಗಾಗುವವರೆಗೂ ಹಸಿದು ನಡುಗುತ್ತಿದ್ದಳು.

ಅಲ್ಲೇ ಹತ್ತಿರದ ಕಲ್ಲಿನ ಪೊಟರೆಯಲ್ಲಿ ಕೇತಿ ಎಂಬ ತಾಯಿ ಇದ್ದಳು. ಅವಳ ಮಗಳು ಚಿಕ್ಕಿ. ಒಂದು ಸಂಜೆ ಚಿಕ್ಕಿ ಹಸಿವಿನಿಂದ ಅತ್ತು ಅತ್ತು ಸುಸ್ತಾದಳು. ಕೇತಿ ಬಳ್ಳಿಯ ಹತ್ತಿರ ಬಂದು ಕೂತಳು. ಎಲೆಗಳು ಹಿಟ್ಟು ತುಂಬಿ ಭಾರವಾಗಿದ್ದವು.

“ತಪ್ಪು ತಿಳೀಬೇಡಮ್ಮ. ನನ್ನ ಮಗು ಏನೂ ತಿಂದಿಲ್ಲ” ಎಂದು ಕೇತಿ ಎಲೆಗಳನ್ನು ಕಿತ್ತಳು. ಎಲ್ಲವನ್ನೂ ಕೀಳಲು ಅವಳಿಗೆ ಮನಸ್ಸು ಬರಲಿಲ್ಲ. ತುದಿಯ ಎಲೆಯೊಂದನ್ನು ಬಿಟ್ಟುಹೋದಳು.

ಮಾರನೆಯ ದಿನ ಮೋಡ ಕವಿಯಿತು. ಅದರ ಮರುದಿನವೂ ಮೋಡ. ಬಿಸಿಲಿಲ್ಲ, ಹಿಟ್ಟಿಲ್ಲ. ಎಲೆ ಬಾಡಿ ನೆಲಕ್ಕೆ ಒರಗಿದಳು.

ಎಂದೋ ಒಮ್ಮೆ ಎಲೆಯಿಂದ ಜಾರಿ ಬಂದ ಸಿಹಿನೀರಿನ ಒಂದು ಹನಿ ಬೇರಿನ ಹತ್ತಿರ ಇತ್ತು. ತಾನು ಹಸಿದಾಗಲೂ ಅವಳು ಅದನ್ನು ಮುಟ್ಟಿರಲಿಲ್ಲ. ಈಗ ಅದನ್ನು ಮೆಲ್ಲಗೆ ಮೇಲೆ ಕಳಿಸಿದಳು. ಎಲೆಗೆ ಜೀವ ಬಂತು.

“ನಿನಗೇ ಇರಲಿಲ್ಲವಲ್ಲೇ, ನನಗ್ಯಾಕೆ ಕೊಟ್ಟೆ?” ಎಂದಳು ಎಲೆ.

“ನೀನೂ ಹೋದರೆ ಈ ಮಣ್ಣೊಳಗೆ ನಾನೊಬ್ಬಳೇ ಆಗ್ತೀನಲ್ಲಕ್ಕ” ಎಂದಳು ಬೇರು.



ಮೋಡ ಸರಿಯಿತು, ಬಿಸಿಲು ಬಂತು. ಅಂದು ಎಲೆ ಹಿಟ್ಟು ಮಾಡಿ, “ತಗೋ ತಂಗಿ” ಎಂದು ಕೆಳಗೆ ತಳ್ಳಿದಳು. ದಂಟು ಸಣ್ಣದು. ಹಿಟ್ಟು ಅದರಲ್ಲಿ ಇಳಿಯಲೇ ಇಲ್ಲ.

“ಕರಗಿಸಿ ಕಳಿಸಕ್ಕ, ಸಿಹಿನೀರು ಮಾಡು. ಅದನ್ನು ಮತ್ತೆ ಹಿಟ್ಟು ಮಾಡೋದು ನನಗೆ ಬಿಡು” ಎಂದಳು ಬೇರು.

ಎಲೆ ಹಾಗೇ ಮಾಡಿದಳು. ಹಗಲು ಮಾಡಿದ ಹಿಟ್ಟನ್ನು ಕತ್ತಲಾದ ಮೇಲೆ ಸ್ವಲ್ಪ ಸ್ವಲ್ಪವೇ ಕರಗಿಸಿದಳು. ಗಬಗಬ ತಿನ್ನಲಿಲ್ಲ. ಬೆಳಗಿನವರೆಗೂ ಸಾಲುವ ಹಾಗೆ ತಾನೂ ತಿಂದಳು, ತಂಗಿಗೂ ಕಳಿಸಿದಳು. ಬೇರು ಆ ಸಿಹಿನೀರನ್ನು ಹಿಟ್ಟು ಮಾಡಿ ಮಣ್ಣಿನ ಕತ್ತಲಲ್ಲಿ ಕೂಡಿಟ್ಟಳು. ಹೊಟ್ಟೆ ತುಂಬಿದಾಗ “ಸಾಕಕ್ಕ” ಎನ್ನುತ್ತಿದ್ದಳು. ಎಲೆಯೂ ಆಗ ಕೆಲಸ ನಿಧಾನ ಮಾಡುತ್ತಿದ್ದಳು.

ಬಳ್ಳಿ ಚಿಗುರಿತು, ಹೊಸ ಎಲೆಗಳು ಬಂದವು. ನೂಲಿನಂತಿದ್ದ ಬೇರು ಮುಷ್ಟಿಯಷ್ಟು ದಪ್ಪಗಾದಳು. ಮೇಲಿನ ಮಣ್ಣು ಬಿರುಕು ಬಿಟ್ಟಿತು.

ಕೇತಿ ಮತ್ತೆ ಎಲೆ ಕೀಳಲು ಬಂದವಳು ಆ ಬಿರುಕು ನೋಡಿದಳು. ಕೈಯಿಂದ ಅಗೆದಳು.

“ನನ್ನನ್ನು ಮಗುವಿಗೆ ಕೊಡಮ್ಮ. ತುದಿಯ ಎಲೆ ನನ್ನ ಅಕ್ಕ, ಅವಳಿರುವ ಬಳ್ಳಿಯ ತುದಿಯನ್ನು ಮಾತ್ರ ಮಣ್ಣಿಗೆ ಊರು. ಅದರ ಗಿಣ್ಣಿನಲ್ಲಿ ನಾನು ಮತ್ತೆ ಹುಟ್ಟುತ್ತೇನೆ” ಎಂದಳು ಬೇರು.

ಕೇತಿ ಗೆಣಸನ್ನು ಕೆಂಡದಲ್ಲಿ ಸುಟ್ಟು ಚಿಕ್ಕಿಗೆ ಕೊಟ್ಟಳು. ಚಿಕ್ಕಿ ಹೊಟ್ಟೆ ತುಂಬ ತಿಂದು ಅಮ್ಮನ ತೊಡೆಯ ಮೇಲೆ ಮಲಗಿದಳು. ಕೇತಿ ಬಳ್ಳಿಯ ತುದಿಯನ್ನು ಒದ್ದೆ ಮಣ್ಣಿಗೆ ಊರಿದಳು. ಕೆಲವೇ ದಿನಗಳಲ್ಲಿ ಅದರ ಗಿಣ್ಣಿನಲ್ಲಿ ನೂಲಿನಂಥ ಬೇರೊಂದು ಮೂಡಿತು.

ಅದಕ್ಕೇ ಮಗೂ, ಈಗಲೂ ಗೆಣಸಿನ ಎಲೆ ಎಷ್ಟು ಬಿಸಿಲು ಕುಡಿದರೂ ತೆಳ್ಳಗೇ ಇರುತ್ತದೆ. ಹಸಿ ಗೆಣಸು ಹೆಚ್ಚುವಾಗ ಚಾಕುವಿಗೆ ಬೆಳ್ಳಗೆ ಅಂಟುವುದು, ಆ ಎಲೆ ಕತ್ತಲಲ್ಲಿ ಕರಗಿಸಿ ತಂಗಿಗೆ ಕಳಿಸಿದ ಹಿಟ್ಟು.